ಅಪ್ಪನ ಬ್ರೇಕು, ಅವ್ವನ ಕಾಲು

ರಾಣೆಬೆನ್ನೂರಿನ ನಮ್ಮ ಮನೆಗೆ ಬಂದವರಿಗೆ ಮೊದಲು ಕಾಣುತ್ತಿದ್ದದ್ದು ಅಪ್ಪನ ಅಂಬಾಸಿಡರ್ ಕಾರು. ಅದನ್ನು ಸುತ್ತು ಹಾಕಿ ಬಂದರೆ ಮನೆಯ ಬಾಗಿಲು ಸಿಗುತ್ತಿತ್ತು. ಅಂಗಳವೆಲ್ಲ ಕಾರಿನದೇ. ಅವ್ವ ರಂಗೋಲಿ ಹಾಕಬೇಕೆಂದರೆ ಮುಂದಿನ ಬಂಪರಿನ ಕೆಳಗೆ ಉಳಿದ ಒಂದು ಮೊಳ ಜಾಗದಲ್ಲಿ ಹಾಕಬೇಕಿತ್ತು. ಒಳಗೆ ಬಂದರೂ ಕಾರು ಬಿಡುತ್ತಿರಲಿಲ್ಲ. ಪಡಸಾಲೆಯ ಒಂದು ಮೂಲೆಯಲ್ಲಿ ದೇವರ ಜಗಲಿ ಇದ್ದರೆ ಎದುರಿನ ಮೂಲೆಯಲ್ಲಿ ಹಳೆಯ ಟೈರು, ಆ ಟೈರಿನ ನಡುವೆ ನಮ್ಮ ಆಯಿಯ, ಎಂದರೆ ಅಪ್ಪನ ತಾಯಿಯ, ಎಲೆ ಅಡಿಕೆಯ ಚೀಲ. ಬಚ್ಚಲಿನ ಗೂಡಿನಲ್ಲಿ ಸೀಗೆಪುಡಿಯ ಪಕ್ಕ ಗ್ರೀಸಿನ ಡಬ್ಬಿ. ಅಡುಗೆಮನೆಯಲ್ಲಿ ಮಾತ್ರ ಅವ್ವ ಒಂದು ಗೆರೆ ಎಳೆದಿದ್ದಳು. ಬ್ರೇಕ್ ಆಯಿಲ್ ಮುಟ್ಟಿದ ಕೈಯಲ್ಲಿ ಹೊಸ್ತಿಲು ದಾಟುವಂತಿರಲಿಲ್ಲ. ಅದು ವಿಷ, ಕಾರಿನ ಮೇಲೆ ಬಿದ್ದರೆ ಬಣ್ಣವನ್ನೇ ತಿಂದುಬಿಡುತ್ತದೆ, ಹೊಟ್ಟೆಗೆ ಹೋದರೆ ಏನು ಮಾಡೀತು ಎಂದು ಅಪ್ಪನೇ ಅವಳಿಗೆ ಹೇಳಿಕೊಟ್ಟಿದ್ದ. ತಾನು ಕಲಿಸಿದ ಪಾಠವನ್ನು ತನಗೇ ಒಪ್ಪಿಸುತ್ತಾಳೆ ಎಂದು ಬಾಗಿಲಾಚೆ ನಿಂತು ನಗುತ್ತಿದ್ದ.

ಅಪ್ಪ ಬಾಡಿಗೆ ಕಾರು ಓಡಿಸುತ್ತಿದ್ದ. ಮದುವೆ, ಸೀಮಂತ, ದವಾಖಾನೆ, ಮೆಣಸಿನಕಾಯಿ ವ್ಯಾಪಾರಸ್ಥರ ಬ್ಯಾಡಗಿ ತಿರುಗಾಟ, ಹೀಗೆ. ಚಿಕ್ಕಂದಿನಲ್ಲಿ ಗ್ಯಾರೇಜಿನಲ್ಲಿ ಬೆಳೆದವನಾದ್ದರಿಂದ ರಿಪೇರಿಗೆ ಬೇರೆಯವರ ಹತ್ತಿರ ಹೋಗುತ್ತಿರಲಿಲ್ಲ. ವರ್ಷಕ್ಕೊಮ್ಮೆ ಹಾವೇರಿಗೆ ಹೋಗಿ ಗಾಡಿಯನ್ನು ಪಾಸಿಂಗ್ ಮಾಡಿಸಬೇಕಿತ್ತು. ಅಲ್ಲಿಯ ಸಾಹೇಬರು ಬ್ರೇಕು, ದೀಪ, ಹಾರ್ನು ಎಲ್ಲ ನೋಡಿ ಸರಿ ಇದೆ ಎಂದರೆ ಮಾತ್ರ ಮುಂದಿನ ಬಾಡಿಗೆ. ಪಾಸಿಂಗ್ ಹತ್ತಿರ ಬಂತೆಂದರೆ ನಮ್ಮ ಮನೆಯಲ್ಲಿ ಹಬ್ಬದ ಮುಂಚಿನ ಗಡಿಬಿಡಿ. ಆಯಿ ತನ್ನ ಹಳೆಯ ಸೀರೆ ಹರಿದು ಒರೆಸುವ ಅರಿವೆ ಮಾಡುವಳು, ನಾನು ನಂಬರ್ ಪ್ಲೇಟು ತೊಳೆಯುವೆ. ಬ್ರೇಕಿನ ಕೆಲಸಕ್ಕೆ ಮಾತ್ರ ಅವ್ವನೇ ಬೇಕು.

ಆ ಕೆಲಸ ಒಬ್ಬರಿಂದ ಆಗುವುದಲ್ಲ. ಬ್ರೇಕಿನ ಪೈಪಿನಲ್ಲಿ ಎಣ್ಣೆಯ ಜೊತೆ ಗಾಳಿ ಸೇರಿಕೊಂಡರೆ ಪೆಡಲು ತುಳಿದಾಗ ಕಾಲು ಹತ್ತಿಯ ಮೇಲೆ ಇಟ್ಟಂತೆ ಕೆಳಗೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಆ ಗಾಳಿಯನ್ನು ಹೊರಗೆ ಹಾಕಲು ಒಬ್ಬರು ಒಳಗೆ ಕೂತು ಪೆಡಲು ತುಳಿಯಬೇಕು, ಇನ್ನೊಬ್ಬರು ಗಾಲಿಯ ಹಿಂದೆ ಮಲಗಿ ಒಂದು ಸಣ್ಣ ನಿಪ್ಪಲ್ಲನ್ನು ಪಾನಾದಿಂದ ಸಡಿಲ ಮಾಡಬೇಕು. ಎಣ್ಣೆಯ ಜೊತೆ ಗುಳ್ಳೆ ಗುಳ್ಳೆಯಾಗಿ ಗಾಳಿ ಬರುತ್ತದೆ. ನಿಪ್ಪಲ್ ಬಿಗಿಯುವ ತನಕ ಒಳಗಿನವರು ಕಾಲು ಎತ್ತುವಂತಿಲ್ಲ. ಎತ್ತಿದರೆ ಹೊರಗಿನ ಗಾಳಿ ಮತ್ತೆ ಒಳಗೆ. ಅಪ್ಪ ಕೆಳಗಿನಿಂದ ತುಳಿ ಎನ್ನುವನು, ಹಿಡಿ ಎನ್ನುವನು. ಅವ್ವ ಬರಿಗಾಲಲ್ಲಿ ತುಳಿದು, ಹಿಡಿದೇನ್ರಿ ಎನ್ನುವಳು. ಸ್ವಲ್ಪ ಹೊತ್ತಿನ ಮೇಲೆ, ಬಿಡು. ಮುಖ ಕಾಣದ ಇಬ್ಬರು ಅರ್ಧ ದಿನ ಹೀಗೆ ಮಾತಾಡುತ್ತಿದ್ದರು. ನಾನು ಬಾಗಿಲ ಮೆಟ್ಟಿಲ ಮೇಲೆ ಕೂತು ಮಂಡಕ್ಕಿ ತಿನ್ನುತ್ತ ಕೇಳುತ್ತಿದ್ದೆ. ಗಂಡ ಹೆಂಡತಿ ಎಂದರೆ ಹೀಗೇ ಇರುತ್ತಾರೆ ಎಂದು ಬಹಳ ದಿನ ನಂಬಿದ್ದೆ.

ನಾನು ಐದನೆಯ ಇಯತ್ತೆಯಲ್ಲಿದ್ದ ವರ್ಷ ಪಾಸಿಂಗಿಗೆ ಇನ್ನೂ ಕೆಲವು ವಾರ ಇರುವಾಗ ಒಂದು ಶನಿವಾರ ಕದರಮಂಡಲಗಿಯ ಹನುಮಪ್ಪನಿಗೆ ಹೋದೆವು. ಆಯಿಗೆ ಹರಕೆ ಇತ್ತು. ದರ್ಶನ ಮುಗಿದ ಮೇಲೆ ಹಾಗೇ ಬ್ಯಾಡಗಿಗೆ ಹೋಗಿ ವರ್ಷದ ಖಾರಪುಡಿಗೆ ಕಾಯಿ ತರೋಣ ಎಂದಳು. ಸುಗ್ಗಿಯ ದಿನಗಳು. ರಸ್ತೆಯ ಎರಡೂ ಬದಿಗೆ ಕಣಗಳಲ್ಲಿ ಮೆಣಸಿನಕಾಯಿ ಒಣಗಲು ಹಾಕಿದ್ದರು. ಕಿಟಕಿಯ ಗಾಜು ಏರಿಸಿದರೂ ಘಾಟು ಒಳಗೆ ಬರುತ್ತಿತ್ತು. ಊರು ಇನ್ನೇನು ಬಂತು ಎನ್ನುವಷ್ಟರಲ್ಲಿ ರಸ್ತೆ ಸ್ವಲ್ಪ ಇಳಿಜಾರಾಗುತ್ತದೆ. ಅಲ್ಲಿ ಚೀಲ ಹೇರಿಕೊಂಡ ಟ್ರ್ಯಾಕ್ಟರೊಂದು ಕಣದಿಂದ ರಸ್ತೆಗೆ ಏರುತ್ತ ಅಡ್ಡ ನಿಂತಿತ್ತು. ಅಪ್ಪ ಬ್ರೇಕ್ ತುಳಿದ. ಅವನ ಮೊಣಕಾಲು ಒಮ್ಮೆಲೇ ಮುಂದಕ್ಕೆ ಹೋದದ್ದು ಹಿಂದೆ ಕೂತ ನನಗೂ ಕಂಡಿತು. ಮತ್ತೆ ಮತ್ತೆ ತುಳಿದ. ಗೇರು ಇಳಿಸಿದ, ಹ್ಯಾಂಡ್ ಬ್ರೇಕು ಎಳೆದ, ಕೊನೆಗೆ ಎಡಕ್ಕೆ ತಿರುಗಿಸಿ ಕಾರನ್ನು ಕಣಕ್ಕೆ ಇಳಿಸಿಬಿಟ್ಟ.

ಕೆಂಪು ಕಾಯಿಯ ಮೇಲೆ ಕಾರು ಉಳುಮೆ ಮಾಡಿದಂತೆ ಹೋಯಿತು. ಕಾಯಿ ಹರಡುತ್ತಿದ್ದ ಒಬ್ಬ ಹೆಂಗಸು ಚೀರುತ್ತ ಓಡುತ್ತಿದ್ದಳು. ನಮ್ಮಿಂದ ದೂರಕ್ಕಲ್ಲ, ಕಾರು ಹೊರಟಿದ್ದ ಕಡೆಗೇ. ಯಾಕೆಂದು ನಮಗೆ ತಿಳಿಯಲಿಲ್ಲ. ಕಣದ ಅಂಚಿನ ಜಾಲಿಗಿಡಕ್ಕೆ ತುಸು ಈಚೆಗೆ ಕಾರು ನಿಂತಿತು. ಗಿಡದ ನೆರಳಿನಲ್ಲಿ ಗೋಣಿತಟ್ಟಿನ ಮೇಲೆ ಅವಳ ಕೂಸು ಮಲಗಿತ್ತು.

ಮೊದಲು ಇಳಿದವಳು ಅವ್ವ. ಖಾರದ ಧೂಳಿಗೆ ಎಲ್ಲರೂ ಕೆಮ್ಮುತ್ತಿದ್ದೆವು, ಕಣ್ಣು ಬಿಡಲು ಆಗುತ್ತಿರಲಿಲ್ಲ. ಅವ್ವ ಸೆರಗನ್ನು ಮುಖಕ್ಕೆ ಹಿಡಿದು ಹೋಗಿ ಕೂಸನ್ನು ಎತ್ತಿದಳು. ಅದು ಬೆಚ್ಚಿ ಅಳತೊಡಗಿತು. ಹೆಂಗಸು ಬಂದು ಕಸಿದುಕೊಂಡಳು. ಬೈಯಲಿಲ್ಲ, ಕೂಸಿನ ತಲೆ, ಕೈ, ಕಾಲು ಮುಟ್ಟಿ ಮುಟ್ಟಿ ನೋಡಿದಳು. ಆಳುಗಳು ಸೇರಿದರು. ಅಪ್ಪ ಕೈ ಮುಗಿದು, ಒಮ್ಮಿಂದೊಮ್ಮೆಲೆ ಬ್ರೇಕ್ ಹೋದವು ಎಂದ. ಯಂತ್ರದ ಮಾತು, ಯಾರ ಕೈಯಲ್ಲಿದೆ ಎಂದು ಅವರೇ ಸಮಾಧಾನ ಹೇಳಿದರು. ಒಬ್ಬರು ನೀರು ತಂದುಕೊಟ್ಟರು, ಇಬ್ಬರು ಕಾರನ್ನು ಹಿಂದಕ್ಕೆ ನೂಕಿದರು. ಹಾಳಾದ ಕಾಯಿಯ ಬಾಬ್ತು ಕೊಡಬೇಕಾದ್ದನ್ನು ಅಪ್ಪ ಅಲ್ಲಿಯೇ ಕೊಟ್ಟ. ಅಷ್ಟಕ್ಕೇ ಮುಗಿಯುತ್ತಿತ್ತು. ಆದರೆ ಅಪ್ಪ ಡಿಕ್ಕಿ ತೆಗೆದು ಸ್ಟೆಪ್ನಿಯ ಸಂದಿಯಿಂದ ಬ್ರೇಕ್ ಆಯಿಲಿನ ಬಾಟಲಿ ಹೊರಗೆ ತೆಗೆದ. ಅದು ಮುಕ್ಕಾಲು ಖಾಲಿಯಾಗಿತ್ತು. ಅವ್ವ ಬಾಟಲಿ ನೋಡಿದಳು, ಆಮೇಲೆ ಅಪ್ಪನ ಮುಖ ನೋಡಿದಳು. ವರ್ಷಕ್ಕೊಮ್ಮೆ ಹೊರಗೆ ಬರುವ ಬಾಟಲಿ ಕಾರಿನಲ್ಲಿ ಯಾಕೆ ಇದೆ, ಯಾವಾಗ ಖಾಲಿಯಾಯಿತು ಎಂಬುದು ಅವಳಿಗೆ ಅಲ್ಲಿಯೇ ಅರ್ಥವಾಯಿತೆಂದು ಕಾಣುತ್ತದೆ. ಎಷ್ಟಾದರೂ ಪೆಡಲು ತುಳಿದವಳು ಅವಳು.

"ನಿಮಗ ಗೊತ್ತಿತ್ತು?"

ಅಪ್ಪ ಎಣ್ಣೆ ಹಾಕುವ ನೆಪದಲ್ಲಿ ಬಾನೆಟ್ಟಿನ ಕೆಳಗೆ ಬಗ್ಗಿದ. ಅವ್ವ ನನ್ನ ಕೈ ಹಿಡಿದು ರಸ್ತೆಗೆ ನಡೆದಳು. ಆಯಿ ಇಬ್ಬರನ್ನೂ ನೋಡಿ, ಕಾರಿನೊಳಗೆ ಹೋಗಿ ಮಗನ ಸೀಟಿನ ಪಕ್ಕ ಕೂತಳು. ಬ್ಯಾಡಗಿಯಿಂದ ನಾವಿಬ್ಬರು ಬಸ್ಸಿನಲ್ಲಿ ಮನೆಗೆ ಬಂದೆವು. ದಾರಿಯುದ್ದಕ್ಕೂ ಅವ್ವ ನನ್ನ ಕೂದಲಲ್ಲಿ ಸಿಕ್ಕಿದ್ದ ಮೆಣಸಿನ ಬೀಜಗಳನ್ನು ಒಂದೊಂದಾಗಿ ತೆಗೆದು ಕಿಟಕಿಯಿಂದ ಹೊರಗೆ ಹಾಕುತ್ತಿದ್ದಳು.

ಜಗಳ ಮಾರನೆಯ ದಿನ ಮುಂಜಾನೆ ಆಯಿತು, ಅದೂ ಬಹಳ ಹೊತ್ತಲ್ಲ. ಹಿಂದಿನ ಗಾಲಿಯ ಒಳಬದಿಗೆ ಎಣ್ಣೆ ಜಿನುಗುತ್ತಿದ್ದುದು ಅಪ್ಪನಿಗೆ ಕೆಲವು ದಿನಗಳಿಂದ ಗೊತ್ತಿತ್ತು. ಹೇಗೂ ಪಾಸಿಂಗಿಗೆ ಗಾಲಿ ಬಿಚ್ಚಬೇಕು, ಆಗ ಒಂದೇ ಸಲಕ್ಕೆ ಮಾಡಿದರಾಯಿತು ಎಂದು ದಿನಾ ಮುಂಜಾನೆ ಸ್ವಲ್ಪ ಎಣ್ಣೆ ತುಂಬಿ ಓಡಿಸುತ್ತಿದ್ದ. ಇದನ್ನು ಅವನು ತಪ್ಪೆಂದು ಹೇಳಲಿಲ್ಲ, ಲೆಕ್ಕಾಚಾರವೆಂದು ಹೇಳಿದ. ನಿನಗೆ ಹೇಳಿದ್ದರೆ ಸುಮ್ಮನೆ ಹೆದರುತ್ತಿದ್ದಿ ಎಂದ. ಆಯಿ ಮಗನ ಪರ ವಹಿಸಿ, ಹನುಮಪ್ಪ ಕೈ ಹಿಡಿದನಲ್ಲ, ಇನ್ನೇನು ಎಂದಳು. ಅವ್ವ ಒಲೆಯ ಮುಂದಿನಿಂದ ಏಳದೇ ಹೇಳಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ.

"ಹನುಮಪ್ಪ ಉಳಿಸ್ಯಾನ, ಖರೇ ಅತ್ತಿ. ಬ್ರೇಕ್ ಹೋದದ್ದಕ್ಕ ನಾ ಏನೂ ಅನ್ನೂದಿಲ್ಲ. ಗೊತ್ತಿದ್ದೂ ನಮ್ಮನ್ನ ಕುಂದ್ರಿಸಿಕೊಂಡು ಹೋದ್ರಲ್ಲ, ಅದನ್ನ ಅಂತೇನಿ. ಹೆದರೂದು ಬಿಡೂದು ನನ್ನ ಪಾಲಿಂದು. ಅದನ್ನ ಇವರು ಹೆಂಗ ತಗೊಂಡ್ರು?"

ಆಮೇಲೆ ಅವಳು ಜಗಳ ಮುಂದುವರಿಸಲಿಲ್ಲ. ಊಟಕ್ಕೆ ಕರೆಯುವಳು, ಬಟ್ಟೆ ಒಗೆಯುವಳು, ಸಂತೆಗೆ ಏನು ಬೇಕೆಂದು ಹೇಳುವಳು. ಕಾರಿನ ಮಾತು ಮಾತ್ರ ಅವಳ ಮಟ್ಟಿಗೆ ಮುಗಿದಿತ್ತು. ಅಂಗಳ ಗುಡಿಸುತ್ತ ಬಂದು ಕಾರಿನ ನೆರಳು ಎಲ್ಲಿ ಬಿದ್ದಿದೆಯೋ ಅಲ್ಲಿಗೆ ಕಸಬರಿಗೆ ನಿಲ್ಲಿಸುವಳು. ಕಾರಿನ ಕೆಳಗೆ ಬೇವಿನೆಲೆ ಗುಡ್ಡೆಯಾಗತೊಡಗಿತು. ಅಪ್ಪ ಅದನ್ನು ನೋಡಿಯೂ ನೋಡದಂತೆ ಬಾನೆಟ್ಟು ಒರೆಸುತ್ತಿದ್ದ.

ಆ ವಾರ ಅವನು ಸೋರುತ್ತಿದ್ದ ಹಿಂದಿನ ಗಾಲಿಯನ್ನು ಬಿಚ್ಚಿ ರಬ್ಬರ್ ವಾಷರ್ ಬದಲಿಸಿದ. ಇನ್ನು ಗಾಳಿ ತೆಗೆಯಬೇಕು. ಅವ್ವನನ್ನು ಕರೆಯಲು ಅವನಿಗೆ ಬಾಯಿ ಬರಲಿಲ್ಲ. ಮೊದಲು ಆಯಿಯನ್ನು ಕೂರಿಸಿದ. ಆಯಿ ಪೆಡಲು ತುಳಿಯುವ ಮೊದಲು ಸ್ಟೇರಿಂಗಿಗೆ ನಮಸ್ಕಾರ ಮಾಡಿದಳು. ಮಗ ಕೆಳಗಿನಿಂದ ಏನೇ ಹೇಳಿದರೂ, ಆಂ, ಏನಂದೀ ಎಂದು ಕಾಲು ತೆಗೆದು ಬಗ್ಗಿ ನೋಡುತ್ತಿದ್ದಳು. ಒಂದೆರಡು ಸಲ ಎಣ್ಣೆ ಅಪ್ಪನ ಮುಖಕ್ಕೇ ಹಾರಿತು. ಮೊಣಕಾಲು ನೋಯುತ್ತದೆ ಎಂದು ಅವಳು ಎದ್ದುಹೋದ ಮೇಲೆ ಅಪ್ಪ ನನ್ನನ್ನು ಕರೆದ.

ನನಗೆ ಅದೊಂದು ದೊಡ್ಡ ಪದವಿ ಸಿಕ್ಕಂತಾಯಿತು. ಕೂತರೆ ಕಾಲು ಎಟುಕುತ್ತಿರಲಿಲ್ಲ. ಸೀಟಿನ ತುದಿಗೆ ಬೆನ್ನು ಆನಿಸಿ, ಸ್ಟೇರಿಂಗನ್ನು ಎರಡೂ ಕೈಯಲ್ಲಿ ಹಿಡಿದು, ಪೆಡಲಿನ ಮೇಲೆ ಹೆಚ್ಚು ಕಡಿಮೆ ನಿಂತುಬಿಟ್ಟೆ. ತುಳಿ ಎಂದಾಗ ತುಳಿದೆ. ಹಿಡಿ ಎಂದಾಗ ಹಲ್ಲು ಕಚ್ಚಿ ಹಿಡಿದೆ. ಅವ್ವನ ಹಾಗೆಯೇ ಹಿಡಿದೇನ್ರಿ ಎಂದೆ, ಅಪ್ಪನಿಗೆ ರೀ ಎಂದದ್ದು ಇದೊಂದೇ ಕೆಲಸದಲ್ಲಿ. ಸ್ವಲ್ಪ ಹೊತ್ತಿಗೆ ತೊಡೆ ನಡುಗತೊಡಗಿತು. ಆದರೂ ಸಾಕು ಎನ್ನಲಿಲ್ಲ. ಅವ್ವ ಅಡುಗೆಮನೆಯ ಕಿಟಕಿಯಲ್ಲಿ ನಿಂತು ನೋಡುತ್ತಿದ್ದಳು, ಒಳಗೆ ಬಾ ಎಂದು ಕರೆಯಲಿಲ್ಲ, ಶಹಬ್ಬಾಸ್ ಎನ್ನಲೂ ಇಲ್ಲ. ಮಧ್ಯಾಹ್ನಕ್ಕೆ ಅಪ್ಪ ತಾನೇ ತುಳಿದು ನೋಡಿ, ಆಯಿತು ಎಂದ. ನನಗೆ ಆ ದಿನ ಒಂದು ರೊಟ್ಟಿ ಹೆಚ್ಚಿಗೇ ಹೋಯಿತು.

ಪಾಸಿಂಗಿನ ದಿನ ಹಾವೇರಿಯಲ್ಲಿ ಕಾರು ಪಾಸ್ ಆಗಲಿಲ್ಲ. ಮೈದಾನದಲ್ಲಿ ಸಾಹೇಬರು ಪಕ್ಕದಲ್ಲಿ ಕೂತು ಜೋರಾಗಿ ಓಡಿಸಿ ಬ್ರೇಕ್ ಹಾಕು ಎಂದರಂತೆ. ಕಾರು ನಿಲ್ಲಬೇಕಾದ ಗೆರೆ ದಾಟಿ, ಒಂದು ಕಡೆಗೆ ಎಳೆದುಕೊಂಡು ಹೋಗಿ ನಿಂತಿತಂತೆ. ಸರಿ ಮಾಡಿಕೊಂಡು ಬಾ ಎಂದು ಕಳಿಸಿದರು. ಅಪ್ಪ ಸಂಜೆಗೆ ಮುಂಚೆಯೇ ಮನೆಗೆ ಬಂದ. ಇಡೀ ದಾರಿ ಲಾರಿಗಳಿಗೆ ಬದಿ ಕೊಡುತ್ತ ಮೆಲ್ಲಗೆ ಓಡಿಸಿಕೊಂಡು ಬಂದಿದ್ದ. ಚಹಾ ಕೊಡಲು ಬಂದ ಆಯಿ ಏನಾಯಿತೆಂದು ಕೇಳಿದಳು. ನಾನು ಟೈರಿನ ಮೇಲೆ ಕೂತು ಪಾಠ ಓದುತ್ತಿದ್ದೆ.

"ಇಕಿ ಕಾಲು ಸಣ್ಣದು ಬೇ. ನಡುವ ಸಡಲ ಬಿಟ್ಟಾಳ. ಏರ್ ಪೂರ್ತಿ ಹೋಗಿಲ್ಲ."

ಅಪ್ಪ ನನ್ನನ್ನು ಬೈಯಬೇಕೆಂದು ಅದನ್ನು ಹೇಳಿರಲಿಲ್ಲ. ಹವಾಮಾನದ ಮಾತು ಹೇಳಿದಂತೆ ಹೇಳಿದ್ದ. ಆದರೆ ನನಗೆ ಪುಸ್ತಕದ ಅಕ್ಷರ ಕಾಣದಾಯಿತು. ಆ ತೊಡೆ ನಡುಗಿದ್ದು ನನಗೆ ಗೊತ್ತಿತ್ತಲ್ಲ. ಆಗ ಸಡಿಲ ಬಿಟ್ಟೆನೋ ಏನೋ. ಮತ್ತೆ ಯಾವುದಾದರೂ ಕಣಕ್ಕೆ ಕಾರು ನುಗ್ಗಿದ್ದರೆ, ಜಾಲಿಗಿಡದ ಈಚೆಗೆ ನಿಲ್ಲದೇ ಹೋಗಿದ್ದರೆ ಎಂದು ಏನೇನೋ ಕಣ್ಣ ಮುಂದೆ ಬಂತು. ಅವ್ವ ಅಡುಗೆಮನೆಯಿಂದ ಹೊರಗೆ ಬಂದಳು. ರೊಟ್ಟಿ ಬಡಿಯುತ್ತಿದ್ದವಳು, ಕೈಯೆಲ್ಲ ಹಿಟ್ಟು. ಅಷ್ಟು ದಿನ ಕಾರಿನ ಹೆಸರೆತ್ತದವಳು ಅಪ್ಪನ ಎದುರು ನಿಂತು ಮೆಲುದನಿಯಲ್ಲಿ ಹೇಳಿದಳು.

"ಅಕಿ ಕಾಲಿನ ಮ್ಯಾಲೆ ಹಾಕಬ್ಯಾಡ್ರಿ ಅದನ್ನ. ಅಕಿನ್ನ ಕುಂದ್ರಿಸಿದವರು ನೀವು. ನಾಳಿ ಐತವಾರ ಐತಿ, ನಾಲ್ಕೂ ಗಾಲಿ ಬಿಚ್ಚರಿ. ನಾ ನೋಡಬೇಕು."

ಅಪ್ಪ ಉಳಿದ ಮೂರು ಗಾಲಿ ಸರಿ ಇವೆ ಎಂದ. ಬಿಚ್ಚಿ ನೋಡಿದ್ದೀರೇನು ಎಂದು ಅವ್ವ ಕೇಳಿದಳು. ಅವನು ಚಹಾ ಕುಡಿದ.

ಆ ಭಾನುವಾರದಷ್ಟು ಉದ್ದನೆಯ ಹಗಲನ್ನು ನಾನು ನಮ್ಮ ಮನೆಯಲ್ಲಿ ಕಂಡಿಲ್ಲ. ಮುಂಜಾನೆ ಕಾರನ್ನು ಕಲ್ಲು, ಮರದ ತುಂಡುಗಳ ಮೇಲೆ ಏರಿಸಿ ನಿಲ್ಲಿಸಿದ್ದಾಯಿತು. ಗಾಲಿಗಳು ಬೇವಿನ ಮರಕ್ಕೆ ಒರಗಿದವು. ಅವ್ವ ಸೀರೆಯ ನೆರಿಗೆ ಸಿಕ್ಕಿಸಿ, ತಗ್ಗಿನ ಮಣೆ ಹಾಕಿಕೊಂಡು ಒಂದೊಂದು ಗಾಲಿಯ ಮುಂದೂ ಕೂತಳು. ಅಪ್ಪ ಡ್ರಮ್ಮು ಬಿಚ್ಚಿ ಇದು ಏನು, ಅದು ಏನು ಎಂದು ತೋರಿಸಬೇಕು. ಮೊದಲ ಎರಡು ಗಾಲಿಗೆ ಅವನು ಮನಸ್ಸಿಲ್ಲದ ಮನಸ್ಸಿನಿಂದ, ಚಿಕ್ಕ ಮಕ್ಕಳಿಗೆ ಹೇಳುವ ಹಾಗೆ ಹೇಳಿದ. ಅವ್ವ ಅದಕ್ಕೂ ಬೇಜಾರು ಮಾಡಿಕೊಳ್ಳಲಿಲ್ಲ, ಸೆರಗಿನ ತುದಿಯಿಂದ ಒರೆಸಿ ಒದ್ದೆ ಇದೆಯೇ ಎಂದು ನೋಡುತ್ತಿದ್ದಳು. ಒಣಗಿದ್ದವು. ಅಪ್ಪನ ಮುಖದಲ್ಲಿ, ನಾನು ಹೇಳಲಿಲ್ಲವೇ ಎನ್ನುವ ಭಾವ. ಮುಂದಿನ ಬಲಗಡೆಯ ಗಾಲಿಗೆ ಬಂದಾಗ ಡ್ರಮ್ಮು ತೆಗೆದವನು ಸಿಲಿಂಡರಿನ ಬಾಯಿಗೆ ಹಾಕಿದ ರಬ್ಬರ್ ಟೊಪ್ಪಿಗೆಯನ್ನು ಬೆರಳಿನಿಂದ ಸರಿಸಿದ. ಒಳಗಿನಿಂದ ಎಣ್ಣೆ ಬಂದು ಅವನ ಅಂಗೈಗೆ ಇಳಿಯಿತು. ಅವ್ವ ಆಗ ನನಗೆ ಏನೋ ತರಲು ಹೇಳುತ್ತ ಆ ಕಡೆ ತಿರುಗಿದ್ದಳು, ನೋಡಿರಲಿಲ್ಲ. ಅಪ್ಪ ಆ ಟೊಪ್ಪಿಗೆಯನ್ನು ಮತ್ತೆ ಮುಚ್ಚಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ನಾನೊಬ್ಬಳೇ ಅವನ ಕೈ ನೋಡುತ್ತಿದ್ದೆ.

"ಶಾಂತಾ, ಇಲ್ಲಿ ನೋಡು. ಇದೂ ಸೋರಾಕತ್ತೈತಿ. ನನಗ ಗೊತ್ತಿರಲಿಲ್ಲ."

ಅವ್ವ ತಿರುಗಿ, ಬಗ್ಗಿ ನೋಡಿದಳು. ಬೆರಳು ತೋಯಿಸಿ ಹೆಬ್ಬೆರಳಿಗೆ ಉಜ್ಜಿದಳು. ಆಮೇಲೆ ಅಪ್ಪ ನನ್ನ ಕಡೆ ನೋಡಿ, ನಿನ್ನ ಕಾಲಿನದು ಏನೂ ತಪ್ಪಿಲ್ಲ ಬಿಡವ್ವ ಎಂದ. ಅದು ಪೂರ್ತಿ ನಿಜವೋ ಅಲ್ಲವೋ ಈಗಲೂ ನನಗೆ ಗೊತ್ತಿಲ್ಲ. ಆದರೆ ಆ ಕ್ಷಣಕ್ಕೆ ನನ್ನ ಎದೆಯ ಮೇಲಿದ್ದ ಕಲ್ಲನ್ನು ಯಾರೋ ಎತ್ತಿಟ್ಟಂತಾಯಿತು. ದೊಡ್ಡವಳಾಗಿ ನಾನು ರಕ್ತ ತಪಾಸಣೆಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದೆ. ಕೆಟ್ಟ ರಿಪೋರ್ಟು ಕೈಗೆ ಬಂದಾಗ, ಹೊರಗೆ ಬೆಂಚಿನ ಮೇಲೆ ಕಾಯುತ್ತಿರುವವರನ್ನು ಕಂಡಾಗ, ಡಾಕ್ಟರೇ ಹೇಳಲಿ, ನನಗೆ ಕಾಣಲೇ ಇಲ್ಲ ಎಂದುಕೊಂಡು ಕವರಿನೊಳಗೆ ಹಾಕಿಬಿಡಲು ಮನಸ್ಸು ಎಳೆಯುತ್ತದೆ. ಆಗ ನನಗೆ ಅಪ್ಪನ ಆ ಅಂಗೈ ನೆನಪಾಗುತ್ತದೆ. ಅವನು ಅದನ್ನು ಮುಚ್ಚಿಟ್ಟುಕೊಳ್ಳಲಿಲ್ಲ. ಕಣದಲ್ಲಿ ಸುಳ್ಳು ಹೇಳಿದವನೂ ಅವನೇ, ಇದೂ ಅವನೇ. ಒಬ್ಬನೇ ಮನುಷ್ಯನಲ್ಲಿ ಎರಡೂ ಇರುತ್ತವೆ ಎಂಬುದನ್ನು ನಾನು ಅಂಗಳದಲ್ಲಿ ಕೂತು ಕಲಿತೆ. ಯಾವ ಸಾಲಿಯ ಪಾಠದಲ್ಲೂ ಅದು ಸಿಗಲಿಲ್ಲ.

ಅಪ್ಪ ಸೈಕಲ್ ಹತ್ತಿ ಪೇಟೆಗೆ ಹೋಗಿ ಹೊಸ ವಾಷರುಗಳನ್ನು ತಂದ, ಈ ಸಲ ನಾಲ್ಕೂ ಗಾಲಿಗೆ. ಹಾಕಿ ಮುಗಿಸುವ ಹೊತ್ತಿಗೆ ಬಿಸಿಲು ನೆತ್ತಿ ದಾಟಿತ್ತು. ಅವ್ವ ಕಾಲು ತೊಳೆದುಕೊಂಡು ಬಂದು ಡ್ರೈವರ್ ಸೀಟಿನಲ್ಲಿ ಕೂತಳು. ದೂರದ ಗಾಲಿಯಿಂದ ಶುರು. ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಕೊನೆಗೆ ಅವಳ ಕಾಲಿಗೆ ಹತ್ತಿರದ್ದು. ಅಪ್ಪ ಗಾಲಿಯ ಹಿಂದೆ ಮಲಗಿದ. ನಿಪ್ಪಲ್ಲಿಗೆ ಸಿಕ್ಕಿಸಿದ ಸಣ್ಣ ನಳಿಗೆಯ ಇನ್ನೊಂದು ತುದಿ ಎಣ್ಣೆ ಹಾಕಿದ ಗಾಜಿನ ಬಾಟಲಿಯಲ್ಲಿ ಮುಳುಗಿತ್ತು. ಗುಳ್ಳೆ ಬರುವುದು ನಿಂತಿತೇ ಎಂದು ನೋಡಿ ಹೇಳುವ ಕೆಲಸ ನನ್ನದು. ಬಹಳ ದಿನಗಳ ಮೇಲೆ ಆ ಮಾತುಗಳು ಮತ್ತೆ ಅಂಗಳದಲ್ಲಿ ಕೇಳಿದವು. ತುಳಿ. ಹಿಡಿ. ಹಿಡಿದೇನ್ರಿ. ಬಿಡು. ಮೊದಮೊದಲು ಅವು ಬರೀ ಕೆಲಸದ ಮಾತಾಗಿದ್ದವು. ಹಿಂದಿನ ಗಾಲಿ ಮುಗಿಯುವ ಹೊತ್ತಿಗೆ ಅಪ್ಪನ ಹಿಡಿ ಎನ್ನುವುದರ ಮುಂದೆ ಸ್ವಲ್ಪ ಎಂಬ ಮಾತೊಂದು ಬಂದು ಸೇರಿತು. ಆಯಿ ಎಲ್ಲರಿಗೂ ಮಜ್ಜಿಗೆ ಮಾಡಿಕೊಂಡು ಬಂದಳು. ಮಗನಿಗೆ ಕೊಡುವ ಮೊದಲು ಸೊಸೆಗೆ ಕೊಟ್ಟಳು. ಅವಳ ಕಡೆಯಿಂದ ಅಷ್ಟೇ ಬಂದದ್ದು, ಆದರೆ ಅವ್ವನಿಗೆ ಅದು ತಿಳಿಯಿತು.

ಸಂಜೆಯಾಗುತ್ತ ಅಪ್ಪ ಮೇಲೆದ್ದು ಬೆನ್ನು ಸೆಟೆಸಿ, ಮುಗಿಯಿತು ಎಂದ. ಬಾಟಲಿಯಲ್ಲಿ ಗುಳ್ಳೆ ಕಾಣದೇ ಬಹಳ ಹೊತ್ತಾಗಿತ್ತು. ಅವ್ವ ಇಳಿಯಲಿಲ್ಲ. ಕಣ್ಣು ಮುಚ್ಚಿಕೊಂಡು ಮತ್ತೆ ತುಳಿದಳು.

"ಇನ್ನೂ ಸ್ವಲ್ಪ ಮೆತ್ತಗ ಐತ್ರಿ. ತಳದಾಗ."

ಇಲ್ಲ, ನಿನಗೆ ಹಾಗೆ ಅನಿಸುತ್ತದೆ ಎಂದು ಅಪ್ಪ ಹೇಳಿದ. ನನ್ನ ಕಾಲು ನನಗೆ ಗೊತ್ತಿಲ್ಲವೇ ಎಂದಳು. ಅಪ್ಪನಿಗೆ ಸಿಟ್ಟು ಬಂದದ್ದು ಕಂಡಿತು. ಪಾನಾವನ್ನು ಕಲ್ಲಿನ ಮೇಲೆ ಎಸೆದ, ಬೇವಿನ ಕಟ್ಟೆಗೆ ಹೋಗಿ ಕೂತ, ಬೀಡಿ ಹಚ್ಚಿದ. ಅವ್ವ ಸೀಟಿನಲ್ಲಿಯೇ ಕೂತಿದ್ದಳು, ಪೆಡಲಿನ ಮೇಲೆ ಕಾಲಿಟ್ಟುಕೊಂಡು. ಬೀಡಿ ಮುಗಿಯಿತು. ಅಪ್ಪ ಎದ್ದು ಬಂದು ಪಾನಾ ಹೆಕ್ಕಿಕೊಂಡು ಮತ್ತೆ ಮೊದಲಿನ ಗಾಲಿಯ ಹಿಂದೆ ಮಲಗಿದ. ಎಲ್ಲ ನಾಲ್ಕನ್ನೂ ಹೊಸದಾಗಿ ಮಾಡಿದರು. ಮುಂದಿನ ಎಡಗಡೆಯ ಗಾಲಿಯಿಂದ ದೊಡ್ಡದೊಂದು ಗುಳ್ಳೆ ಬಾಟಲಿಯೊಳಗೆ ಬಂದು ಒಡೆಯಿತು. ಅದನ್ನು ನೋಡಿದವಳು ನಾನು. ನಾನು ಕೂಗುವ ಮೊದಲೇ ಅವ್ವ ಒಳಗಿನಿಂದ, ಈಗ ಹೋತು ನೋಡ್ರಿ ಎಂದಳು. ಅಪ್ಪ ಕೆಳಗೆ ಮಲಗಿದ್ದಲ್ಲಿಯೇ ನಗತೊಡಗಿದ. ಅವ್ವ ನಗಲಿಲ್ಲ, ಆದರೆ ಇಳಿದು ಬಂದವಳು ಕಸಬರಿಗೆ ತೆಗೆದುಕೊಂಡು ಕಾರಿನ ಕೆಳಗಿನ ಬೇವಿನೆಲೆಯನ್ನೆಲ್ಲ ಗುಡಿಸಿ ಹಾಕಿದಳು.

ಪಾಸಿಂಗಿಗೆ ಈ ಸಲ ಅವ್ವನೂ ಬರುತ್ತೇನೆಂದಳು, ಒಂದು ದಿನ ನನ್ನ ಸಾಲಿ ಬಿಡಿಸಿ ನನ್ನನ್ನೂ ಕರೆದುಕೊಂಡಳು. ನಾವು ಮೈದಾನದ ಅಂಚಿನಲ್ಲಿ ಟೆಂಪೋಗಳ ನೆರಳಿನಲ್ಲಿ ನಿಂತಿದ್ದೆವು. ಕಾರು ದೂರದಿಂದ ಜೋರಾಗಿ ಬಂದು ಗೆರೆಯ ಹತ್ತಿರ ಮೂಗು ತಗ್ಗಿಸಿ ನಿಂತಿತು, ಅತ್ತ ಇತ್ತ ಒಂದಿಷ್ಟೂ ಎಳೆಯಲಿಲ್ಲ. ಸಾಹೇಬರು ಇಳಿದು ಏನೋ ಬರೆದುಕೊಂಡು ಮುಂದಿನ ಗಾಡಿಗೆ ಹೋದರು. ಇಷ್ಟು ದಿನದ ಕಷ್ಟಕ್ಕೆ ಇಷ್ಟೇನಾ ಎಂದು ನನಗೆ ನಿರಾಸೆಯಾಯಿತು. ಅಪ್ಪ ಖುಷಿಯಾಗಿದ್ದ. ಹೋಟೆಲಿನಲ್ಲಿ ಮಿರ್ಚಿ, ಚಹಾ ಆಯಿತು. ತಿರುಗಿ ಬರುವಾಗ ಮೋಟೆಬೆನ್ನೂರು ಹತ್ತಿರ ಬಂತು. ಅವ್ವ ಬ್ಯಾಡಗಿಯ ಕಡೆ ತಿರುಗಿಸಿ ಎಂದಳು. ಯಾಕೆಂದು ಅಪ್ಪ ಕೇಳಲಿಲ್ಲ. ಅವನಿಗೆ ಗೊತ್ತಾಗಿತ್ತು.

ಕಣದಲ್ಲಿ ಕಾಯಿ ಮುಗಿಯುತ್ತ ಬಂದಿತ್ತು. ಆ ಹೆಂಗಸು ಚೀಲಕ್ಕೆ ತುಂಬುತ್ತಿದ್ದಳು, ಕೂಸನ್ನು ಸೀರೆಯ ಜೋಳಿಗೆಯಲ್ಲಿ ಬೆನ್ನಿಗೆ ಕಟ್ಟಿಕೊಂಡಿದ್ದಳು. ಕಾರು ಕಂಡ ಕೂಡಲೇ ಎದ್ದು ನಿಂತಳು. ಅಪ್ಪ ರಸ್ತೆಯಲ್ಲಿಯೇ ಕಾರು ನಿಲ್ಲಿಸಿ ನಡೆದು ಹೋದ. ಅವ್ವ ಕಾರಿನ ಹತ್ತಿರವೇ ಉಳಿದಳು. ನಾನು ಅಪ್ಪನ ಹಿಂದೆ ಹೋದೆ, ಅವಳು ತಡೆಯಲಿಲ್ಲ. ಅಪ್ಪ ತಲೆಯ ಮೇಲಿನ ಟವಲು ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಯವ್ವಾ, ಅವತ್ತ ಬ್ರೇಕ್ ಒಮ್ಮೆಲೆ ಹೋದ್ವು ಅಂತ ಹೇಳಿದ್ದೆ. ಖರೇ ಅಲ್ಲದು. ಸೋರೂದು ನನಗ ಮೊದಲ ಗೊತ್ತಿತ್ತು. ಗೊತ್ತಿದ್ದೂ ತಂದಿದ್ದೆ."

ಅವಳು ಅಪ್ಪನನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಕೂಸು ನಂದು, ನಿನಗ ಕಂಡಿರಲಿಲ್ಲ, ಹೋಗ್ಲಿ. ನಿನ್ನ ಮಗಳನ್ನ, ನಿನ್ನ ಹಡದಾಕಿನ್ನ ಯಾಕ ಕುಂದ್ರಿಸಿಕೊಂಡು ಬಂದಿದ್ದೀ ಅದರಾಗ?"

ಅಪ್ಪ ಟವಲನ್ನು ಮಡಚಿದ, ಬಿಚ್ಚಿದ. ಕೊನೆಗೆ, ನಮ್ಮವರು ಜೊತೆಗಿದ್ದರೆ ಏನೂ ಆಗುವುದಿಲ್ಲ ಅನಿಸಿತ್ತು ಎಂದ. ಅವನು ಮನೆಯಲ್ಲಿ ಲೆಕ್ಕಾಚಾರದ ಮಾತು ಹೇಳಿದ್ದ. ಇದನ್ನು ಹೇಳಿರಲಿಲ್ಲ. ಬಹುಶಃ ಅವನಿಗೂ ಆಗಲೇ ತಿಳಿದಿರಬೇಕು. ಹೆಂಗಸು ಕೂತು ಮತ್ತೆ ಕಾಯಿ ತುಂಬತೊಡಗಿದಳು. ಪೇಟೆಗೆ ಹೋಗುವುದಿದ್ದರೆ ಚೀಲದ ಸಮೇತ ಬಿಟ್ಟು ಬರುತ್ತೇನೆ, ಬ್ರೇಕ್ ಈಗ ಗಟ್ಟಿಯಾಗಿವೆ, ಪಾಸಿಂಗ್ ಆಗಿದೆ ಎಂದು ಅಪ್ಪ ಹೇಳಿದ. ಚಕ್ಕಡಿ ಬರುತ್ತದೆ, ಅದರಲ್ಲಿ ಹೋಗುತ್ತೇನೆ ಎಂದಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಅವಳು ನಮ್ಮ ಕಾರಿನಲ್ಲಿ ಕೂರುವವಳಲ್ಲ, ಅಷ್ಟೇ. ತಿರುಗಿ ಬರುವಾಗ ಅಪ್ಪ ನನ್ನ ಕೈ ಹಿಡಿದುಕೊಂಡ. ಏನೆಂದಳು ಎಂದು ಅವ್ವ ಕೇಳಲಿಲ್ಲ. ಕದರಮಂಡಲಗಿ ದಾಟಿದ ಮೇಲೆ ಅಪ್ಪನೇ ಆ ಹೆಂಗಸು ಕೇಳಿದ್ದನ್ನೂ ತಾನು ಹೇಳಿದ್ದನ್ನೂ ಅಕ್ಷರ ಬಿಡದೇ ಹೇಳಿದ. ಅವ್ವ, ಮೆಲ್ಲಗೆ ಹೋಗ್ರಿ, ಹೊತ್ತು ಐತಿ ಎಂದಳು.

ಅಲ್ಲಿಂದ ಮುಂದೆ ಎಲ್ಲ ಬದಲಾಯಿತು ಎಂದೇನೂ ಅಲ್ಲ. ಅಪ್ಪ ಅನೇಕ ವಿಷಯಗಳನ್ನು ಮುಚ್ಚಿಡುತ್ತಲೇ ಇದ್ದ, ಬೀಡಿ ಬಿಟ್ಟಿದ್ದೇನೆ ಎಂದು ಹೇಳುತ್ತಲೇ ಇದ್ದ. ಆದರೆ ಕಾರಿನ ವಿಷಯದಲ್ಲಿ ಅವನು ಬೇರೆಯೇ ಮನುಷ್ಯನಾದ. ಮರುವರ್ಷದ ಒಂದು ಮದುವೆ ಬಾಡಿಗೆ ನೆನಪಾಗುತ್ತದೆ. ಐರಣಿಗೆ ಹೋಗುವ ದಿಬ್ಬಣ. ಕಾರಿಗೆ ಚೆಂಡುಹೂವಿನ ಮಾಲೆ ಕಟ್ಟಿಯಾಗಿತ್ತು, ಬಾಸಿಂಗ ಕಟ್ಟಿಕೊಂಡ ಮದುಮಗ ನಮ್ಮ ಬಾಗಿಲಲ್ಲೇ ನಿಂತಿದ್ದ. ಅಪ್ಪ ಕಾರನ್ನು ಓಣಿಯ ತುದಿಯವರೆಗೆ ಒಯ್ದು ತಿರುಗಿಸಿಕೊಂಡು ಬಂದ. ಇಳಿದವನು ಮದುಮಗನ ಸೋದರಮಾವನಿಗೆ ಮುಂದಿನ ಗಾಲಿಯ ಬೇರಿಂಗ್ ಸದ್ದು ಮಾಡುತ್ತಿದೆ, ದಾರಿಯಲ್ಲಿ ಅದು ಹೋದರೆ ಹೋಗಬಹುದು, ಹೋಗದೇ ಇರಬಹುದು, ನಾನು ನಿಮ್ಮನ್ನು ಕೂರಿಸಿಕೊಳ್ಳುವುದಿಲ್ಲ ಎಂದ. ಆ ಮನುಷ್ಯ ಓಣಿಯವರೆಲ್ಲ ಹೊರಗೆ ಬರುವ ಹಾಗೆ ಬೈದ. ಮುಹೂರ್ತದ ಹೊತ್ತಿಗೆ ಕೈ ಕೊಡುವವನು ಎಂಥ ಡ್ರೈವರು, ಇನ್ನು ಮೇಲೆ ನಮ್ಮ ಪೈಕಿ ಯಾರೂ ನಿನ್ನ ಕಾರು ಹತ್ತುವುದಿಲ್ಲ ಎಂದ. ಹತ್ತಲೂ ಇಲ್ಲ. ಅವರೇ ಹೂವಿನ ಮಾಲೆಯನ್ನು ಬಿಚ್ಚಿಕೊಂಡು ಬೇರೆ ಕಾರಿಗೆ ಕಟ್ಟಿ ಹೊರಟುಹೋದರು.

ಅಪ್ಪ ಖಾಲಿ ಬಾನೆಟ್ಟಿನ ಮೇಲೆ ಉದುರಿದ್ದ ದಳಗಳನ್ನು ಕೈಯಿಂದ ಸರಿಸಿ ಮೆಟ್ಟಿಲ ಮೇಲೆ ಕೂತ. ಒಳಗೆ ಹೋಗಲು ಅವನಿಗೆ ಮನಸ್ಸಿರಲಿಲ್ಲ. ಬಾಗಿಲ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದ ಅವ್ವ ಹೊರಗೆ ಬಂದು ಅವನ ಪಕ್ಕ ಕೂತಳು. ಯಾವ ಗಾಲಿ ಎಂದು ಕೇಳಿದಳು. ಅವನು ಹೇಳಿದ. ಯಾವಾಗಿನಿಂದ ಎಂದಳು. ನಿನ್ನೆ ಸಂಜೆ ಸ್ವಲ್ಪ ಅನುಮಾನವಿತ್ತು, ಈಗ ಖಾತ್ರಿಯಾಯಿತು ಎಂದ. ಅವ್ವ ಎದ್ದು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಏಳ್ರಿ, ಮೊದಲ ಉಣ್ಣರಿ. ಆಮ್ಯಾಲೆ ಇಬ್ರೂ ಕೂಡಿ ಬಿಚ್ಚೂಣು."